ಮುಳುಗಿದ ಹಡಗೂ ಬಯಲುಸೀಮೆಯ ಪ್ರೇಕ್ಷಕನೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳವರಿಗೆ ಸಮುದ್ರವೆಂಬುದು ಕೇಳಿ ಬಲ್ಲ ವಸ್ತು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಕೊರಟಗೆರೆ ಮಧುಗಿರಿಗಳನ್ನು ಹಾದು, ಉತ್ತರ ಪಿನಾಕಿನಿಯನ್ನು ಕೂಡುವ ಜಯಮಂಗಲಿಯೇ ನಮ್ಮ ದೊಡ್ಡ ಹೊಳೆ. ಅದೂ ವರ್ಷದ ಬಹು ತಿಂಗಳು ಬರಿಯ ಮರಳು. ನೀರೆಂದರೆ ನಮಗೆ ಕೆರೆ. ಕೆರೆಯೆಂದರೆ ಏರಿ, ತೂಬು, ಕೋಡಿ. ೨೦೨೨ರ ಮಳೆಗಾಲದಲ್ಲಿ ಹೊಳೆ ತುಂಬಿ, ಕೆರೆಗಳು ಕೋಡಿ ಬಿದ್ದಾಗ ಜನ ಎತ್ತಿನ ಗಾಡಿಯ ಕಾಲದಲ್ಲಿ ಜಾತ್ರೆಗೆ ಹೋಗುತ್ತಿದ್ದಂತೆ ಮೋಟಾರು ಬೈಸಿಕಲ್ಲುಗಳಲ್ಲಿ ಹೋಗಿ ನೋಡಿ ಬಂದರು. ಇಂಥ ಸೀಮೆಯಲ್ಲಿ, ನೂರು ವರ್ಷಗಳಿಗೂ ಹಿಂದೆ ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಹೋದ ಇಂಗ್ಲಿಷರ ಹಡಗೊಂದರ ಹೆಸರು ಎಂಟನೆಯ ತರಗತಿಯ ಮಕ್ಕಳ ಬಾಯಲ್ಲಿ ಸಲೀಸಾಗಿ ಆಡುತ್ತದೆ. ಮಂಗಳೂರನ್ನು ಕಾಣದ ಹುಡುಗನಿಗೂ ‘ಟೈಟಾನಿಕ್’ ಗೊತ್ತು. ಪುಸ್ತಕದಿಂದ ಗೊತ್ತಾದದ್ದಲ್ಲ, ಸಿನಿಮಾದಿಂದ.

೧೯೯೭ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ತೆರೆ ಕಂಡ ಆ ಚಿತ್ರ ೧೯೯೮ರ ಮಾರ್ಚಿಯಲ್ಲಿ ಭಾರತಕ್ಕೆ ಬಂದಿತು. ನಮ್ಮ ಕಡೆಯ ತರುಣರು ಬೆಂಗಳೂರಿಗೆ ಬಸ್ಸು ಹತ್ತಿ ಹೋಗಿ ನೋಡಿದರು. ಉಳಿದವರಿಗೆ ಮುಂದೆ ಟೆಲಿವಿಷನ್ ತೋರಿಸಿತು. ಈಗ ಕೈಯಲ್ಲಿ ಹಿಡಿಯುವ ಫೋನು ತೋರಿಸುತ್ತಿದೆ. ಮೂರು ಗಂಟೆ ಹದಿನಾಲ್ಕು ನಿಮಿಷಗಳ ಚಿತ್ರ. ಮಾತು ಇಂಗ್ಲಿಷು. ಮುಳುಗುವುದು ಖಂಡಿತವೆಂದು ಎಲ್ಲರಿಗೂ ಮೊದಲೇ ಗೊತ್ತು. ಹೀಗಿದ್ದೂ ೨೦೧೨ರಲ್ಲಿ, ಹಡಗು ಮುಳುಗಿ ನೂರು ವರ್ಷ ತುಂಬಿದಾಗ, ಮತ್ತೆ ೨೦೨೩ರಲ್ಲಿ ಅದನ್ನು ಚಿತ್ರಮಂದಿರಗಳಿಗೆ ತಂದರೆ ಜನ ಮತ್ತೆ ಹಣ ಕೊಟ್ಟು ಹೋದರು. ಕೊನೆ ಗೊತ್ತಿರುವ ಕಥೆಯನ್ನು ಮತ್ತೆ ಮತ್ತೆ ನೋಡುವುದೇಕೆ ಎಂದು ಆಶ್ಚರ್ಯಪಡುವವರು ಪಟ್ಟಣಗಳಲ್ಲಿರಬಹುದು. ಬಯಲಾಟ ನೋಡಿ ಬೆಳೆದ ನಮ್ಮ ಸೀಮೆಯವರು ಹಾಗೆ ಕೇಳಲಾರರು. ದುರ್ಯೋಧನನ ತೊಡೆ ಮುರಿಯುವುದೆಂದು ಗೊತ್ತಿಲ್ಲದೆ ಯಾರೂ ಮೂಡಲಪಾಯದ ಆಟಕ್ಕೆ ಕಂಬಳಿ ಹೊದ್ದು ಬಂದು ಕೂತವರಲ್ಲ. ಕರಿಭಂಟನ ಗತಿ ಏನಾಗುವುದೆಂದು ಬಲ್ಲ ಅಜ್ಜಿಯೇ ಎಲ್ಲರಿಗಿಂತ ಮೊದಲು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಆದರೆ ಇಷ್ಟರಿಂದಲೇ ಪ್ರಶ್ನೆ ಮುಗಿಯಲಿಲ್ಲ. ಸಮುದ್ರದಲ್ಲಿ ಮುಳುಗಿದ ಹಡಗುಗಳು ಎಷ್ಟೋ. ಅವುಗಳಲ್ಲಿ ಇದೊಂದನ್ನೇ ಚಲಚ್ಚಿತ್ರದವರು ಮತ್ತೆ ಮತ್ತೆ ಎತ್ತಿಕೊಂಡರೇಕೆ? ಸತ್ತವರ ಲೆಕ್ಕ ಕಾರಣವೆನ್ನುವಂತಿಲ್ಲ. ಟೈಟಾನಿಕ್‌ನಲ್ಲಿ ಸತ್ತವರು ಸುಮಾರು ೧,೫೦೦ ಮಂದಿ. ೧೯೮೭ರ ಡಿಸೆಂಬರಿನಲ್ಲಿ ಫಿಲಿಪ್ಪೀನ್ಸಿನ ದೋನ್ಯಾ ಪಾಸ್ ಎಂಬ ಹಡಗು ಎಣ್ಣೆಯ ಹಡಗೊಂದಕ್ಕೆ ಡಿಕ್ಕಿ ಹೊಡೆದು ಉರಿದು ಮುಳುಗಿದಾಗ ಸತ್ತವರು ೪,೦೦೦ಕ್ಕೂ ಹೆಚ್ಚು. ಅದರ ಹೆಸರನ್ನು ನಮ್ಮಲ್ಲಿ ಯಾರು ಬಲ್ಲರು? ನಮ್ಮ ದೇಶದ್ದೇ ಮಾತೆತ್ತುವುದಾದರೆ ‘ವೈತರ್ಣಾ’ ಎಂಬ ಆವಿಯ ಹಡಗಿನ ವೃತ್ತಾಂತವಿದೆ. ವಿದ್ಯುದ್ದೀಪಗಳಿದ್ದುದರಿಂದ ಜನ ಅದನ್ನು ‘ವೀಜಳಿ’, ಎಂದರೆ ಮಿಂಚು, ಎಂದು ಕರೆಯುತ್ತಿದ್ದರು. ೧೮೮೮ರ ನವೆಂಬರಿನಲ್ಲಿ ಕಚ್ಛದ ಮಾಂಡವಿಯಿಂದ ಮುಂಬಯಿಗೆ ಹೊರಟ ಅದು ಸೌರಾಷ್ಟ್ರದ ಕರಾವಳಿಯಾಚೆ ಬಿರುಗಾಳಿಗೆ ಸಿಕ್ಕಿ ಮಾಯವಾಯಿತು. ೭೪೦ಕ್ಕಿಂತ ಹೆಚ್ಚು ಜನ ಅದರಲ್ಲಿದ್ದರು. ಮದುವೆಯ ದಿಬ್ಬಣಗಳಿದ್ದುವೆಂದೂ ಮುಂಬಯಿಗೆ ಮೆಟ್ರಿಕ್ಯುಲೇಷನ್ ಪರೀಕ್ಷೆಗೆಂದು ಹೊರಟ ಹುಡುಗರಿದ್ದರೆಂದೂ ಹೇಳುತ್ತಾರೆ. ಒಬ್ಬರೂ ಉಳಿದು ಬರಲಿಲ್ಲ. ಹಾಜಿ ಕಾಸಮನ ಹೆಸರು ಹೊತ್ತ ಒಂದು ಗುಜರಾತಿ ಪದ ಉಳಿಯಿತು. ಆ ಕಡೆಯವರು ಇಂದಿಗೂ ಅದನ್ನು ಹಾಡುತ್ತಾರೆ. ಲೋಕವೆಲ್ಲ ನೋಡಿದ ಚಲಚ್ಚಿತ್ರ ಅದರಿಂದ ಹುಟ್ಟಲಿಲ್ಲ.

ಇಲ್ಲಿಯೇ ಒಂದು ಸುಳುಹು ಸಿಗುತ್ತದೆ. ವೈತರ್ಣಾದಲ್ಲಿ ಏನು ನಡೆಯಿತೆಂದು ಹೇಳುವವರು ಉಳಿಯಲಿಲ್ಲ. ೧೯೧೫ರ ಮೇ ೭ರಂದು ಜರ್ಮನರ ಜಲಾಂತರ್ಗಾಮಿಯ ಏಟಿಗೆ ಗುರಿಯಾದ ಲುಸಿಟೇನಿಯಾದಿಂದ ಕೆಲವು ನೂರು ಮಂದಿ ಉಳಿದು ಬಂದರೇನೋ ನಿಜ. ಆದರೆ ಆ ಹಡಗು ಹದಿನೆಂಟೇ ನಿಮಿಷಗಳಲ್ಲಿ ಮುಳುಗಿತು. ಓಡುವುದಕ್ಕೆ ಹೊತ್ತಿತ್ತೇ ಹೊರತು ಯೋಚಿಸುವುದಕ್ಕೆ ಹೊತ್ತಿರಲಿಲ್ಲ. ಟೈಟಾನಿಕ್ ಹಿಮದ ಗುಡ್ಡಕ್ಕೆ ತಗುಲಿದ್ದು ೧೯೧೨ರ ಏಪ್ರಿಲ್ ೧೪ರ ರಾತ್ರಿ ಹನ್ನೊಂದು ನಲವತ್ತಕ್ಕೆ. ಮುಳುಗಿದ್ದು ಬೆಳಗಿನ ಜಾವ ಎರಡು ಇಪ್ಪತ್ತಕ್ಕೆ. ನಡುವೆ ಎರಡು ಗಂಟೆ ನಲವತ್ತು ನಿಮಿಷ. ಕಡಲು ಕೊಳದಂತೆ ನಿಶ್ಚಲವಾಗಿತ್ತು. ದೀಪಗಳು ಕೊನೆಯ ಗಳಿಗೆಯವರೆಗೂ ಉರಿಯುತ್ತಿದ್ದುವು. ಒಂದು ನಾಟಕ ಆಡಿ ಮುಗಿಸುವಷ್ಟು ಹೊತ್ತು ಎರಡು ಸಾವಿರಕ್ಕೂ ಮಿಕ್ಕಿದ ಜನ ಸಾವಿನ ಎದುರು ನಿಂತುಕೊಂಡು ತಾವು ಯಾರು ಎಂಬುದನ್ನು ಒಬ್ಬರಿಗೊಬ್ಬರು ತೋರಿಸಿಕೊಂಡರು. ಏಳು ನೂರಕ್ಕೂ ಹೆಚ್ಚು ಮಂದಿ ಉಳಿದು ಬಂದು ಅದನ್ನು ಹೇಳಿದರು. ಅಮೆರಿಕದ ಸೆನೆಟ್ಟೂ ಬ್ರಿಟಿಷ್ ಸರ್ಕಾರವೂ ಬೇರೆ ಬೇರೆ ವಿಚಾರಣೆ ನಡೆಸಿ ಸಾಕ್ಷಿಗಳ ಮಾತನ್ನು ಬರೆಸಿಕೊಂಡುವು. ನಾಟಕಕಾರನಿಗೆ ಇನ್ನೇನು ಬೇಕು?

ವೃದ್ಧ ವ್ಯಾಪಾರಿ ಇಸಿಡೋರ್ ಸ್ಟ್ರೌಸ್ ಹೆಂಗಸರು ಮಕ್ಕಳಿಗಿಂತ ಮೊದಲು ದೋಣಿ ಹತ್ತಲೊಲ್ಲೆನೆಂದ, ಹೆಂಡತಿ ಐಡಾ ಗಂಡನನ್ನು ಬಿಟ್ಟು ಹತ್ತಲೊಲ್ಲೆನೆಂದಳು, ಇಬ್ಬರೂ ಉಳಿಯಲಿಲ್ಲ. ವ್ಯಾಲೇಸ್ ಹಾರ್ಟ್ಲಿಯೂ ಅವನ ಏಳು ಮಂದಿ ವಾದ್ಯಗಾರರೂ ಬಾರಿಸುತ್ತಲೇ ಇದ್ದರು. ಎಂಟು ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ. ನಲವತ್ತು ಜನ ಹಿಡಿಯುವ ಒಂದು ದೋಣಿ ಹನ್ನೆರಡೇ ಜನರನ್ನು ಹೊತ್ತು ಇಳಿಯಿತು. ಇವನ್ನೆಲ್ಲ ಯಾವ ಕವಿಯೂ ಕಲ್ಪಿಸಿದ್ದಲ್ಲ.

ರೇಡಿಯೋ ಇಟ್ಟುಕೊಂಡಿರುವ ಮನೆಯವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಇದು ನಿಸ್ತಂತುವಿನ ಕಥೆಯೂ ಹೌದು. ಆ ರಾತ್ರಿ ಕೆಲವೇ ಮೈಲಿಗಳಾಚೆ ಕ್ಯಾಲಿಫೋರ್ನಿಯನ್ ಎಂಬ ಹಡಗು ಹಿಮದ ನಡುವೆ ನಿಂತಿತ್ತು. ಅದರ ನಿಸ್ತಂತು ಯಂತ್ರದವನು ಹಿಮವಿದೆಯೆಂದು ತಿಳಿಸಹೊರಟಾಗ, ಪ್ರಯಾಣಿಕರ ಖಾಸಗಿ ತಂತಿಗಳನ್ನು ಕಳಿಸುತ್ತಿದ್ದ ಟೈಟಾನಿಕ್‌ನ ಜ್ಯಾಕ್ ಫಿಲಿಪ್ಸ್ ‘ಸುಮ್ಮನಿರು, ನನಗೆ ಕೆಲಸವಿದೆ’ ಎಂಬರ್ಥದ ಉತ್ತರ ಕೊಟ್ಟ. ಅವನು ಸ್ವಲ್ಪ ಹೊತ್ತು ಕೇಳಿ, ಯಂತ್ರವನ್ನು ನಿಲ್ಲಿಸಿ ಮಲಗಿದ. ಅಪಘಾತವಾದದ್ದು ಅದಾದ ಕೆಲವೇ ನಿಮಿಷಗಳಿಗೆ. ಇತ್ತ ಐವತ್ತೆಂಟು ಮೈಲಿ ದೂರದ ಕಾರ್ಪೇಥಿಯಾ ಹಡಗಿನಲ್ಲಿ ಹೆರಾಲ್ಡ್ ಕಾಟಮ್ ಎಂಬವನು ಮಲಗಲು ಬಟ್ಟೆ ಕಳಚುತ್ತಿದ್ದರೂ ಕಿವಿಯ ಮೇಲಿನ ಯಂತ್ರವನ್ನು ಇನ್ನೂ ತೆಗೆದಿರಲಿಲ್ಲ. ಅವನ ಕಿವಿಗೆ ಬಿದ್ದ ಕೂಗಿನಿಂದ ಉಳಿದವರು ಉಳಿದರು. ಇಪ್ಪತ್ತೈದು ವರ್ಷದ ಫಿಲಿಪ್ಸ್ ನೀರು ಕೋಣೆಗೆ ಬರುವವರೆಗೂ ಸಂದೇಶ ಕಳಿಸುತ್ತಿದ್ದು ಸತ್ತ. ಹಡಗುಗಳಲ್ಲಿ ಹಗಲೂ ಇರುಳೂ ನಿಸ್ತಂತುವಿಗೆ ಕಿವಿಗೊಟ್ಟಿರಬೇಕೆಂಬ ಕಟ್ಟಳೆ ೧೯೧೨ರ ಅಮೆರಿಕದ ಕಾಯಿದೆಯಿಂದಲೂ ೧೯೧೪ರ ಲಂಡನ್ ಒಪ್ಪಂದದಿಂದಲೂ ಬಂದದ್ದು ಇದಾದ ಮೇಲೆ. ವೈತರ್ಣಾ ಕೂಗಿಕೊಂಡಿರಲೂಬಹುದು, ಮಾರ್ಕೋನಿ ಆಗಿನ್ನೂ ಹದಿನಾಲ್ಕು ವರ್ಷದ ಹುಡುಗ.

ಚಲಚ್ಚಿತ್ರದವರು ಈ ಕಥೆಯ ಬೆಲೆಯನ್ನು ಬೇಗ ಅರಿತರು, ಸ್ವಲ್ಪ ಹೆಚ್ಚು ಬೇಗವೇ ಅರಿತರೆನ್ನಬೇಕು. ಹಡಗು ಮುಳುಗಿ ಒಂದು ತಿಂಗಳು ತುಂಬುವ ಹೊತ್ತಿಗೆ ಮೊದಲ ಚಿತ್ರ ತೆರೆಗೆ ಬಂದಿತ್ತು. ಬದುಕಿ ಬಂದಿದ್ದ ಡೊರೊಥಿ ಗಿಬ್ಸನ್ ಎಂಬ ನಟಿಯೇ ಅದರ ನಾಯಿಕೆ. ಆ ಮೂಕಿ ಚಿತ್ರ ಈಗ ಉಳಿದಿಲ್ಲ. ನಮ್ಮ ದಾದಾಸಾಹೇಬ ಫಾಲ್ಕೆಯವರ ಹರಿಶ್ಚಂದ್ರ ಬಂದದ್ದು ಅದರ ಮರುವರ್ಷ. ಎರಡನೆಯ ಮಹಾಯುದ್ಧದ ನಡುವೆ ಜರ್ಮನಿಯ ನಾಜಿಗಳು ಇಂಗ್ಲಿಷರ ದುರಾಸೆಯನ್ನು ತೋರಿಸಲೆಂದು ಇದೇ ಕಥೆಯನ್ನು ತೆಗೆದರು. ನಿರ್ದೇಶಕ ಹರ್ಬರ್ಟ್ ಜೆಲ್ಪಿನ್ ಚಿತ್ರ ಮುಗಿಯುವ ಮೊದಲೇ ಬಾಯಿ ಸಡಿಲಬಿಟ್ಟ ತಪ್ಪಿಗೆ ಸೆರೆಯಾಗಿ, ಸೆರೆಕೋಣೆಯಲ್ಲಿ ಹೆಣವಾಗಿ ಸಿಕ್ಕಿದ. ಆ ಚಿತ್ರಕ್ಕಾಗಿ ಟೈಟಾನಿಕ್‌ನ ವೇಷ ಹಾಕಿ ನಿಂತ ನಿಜವಾದ ಹಡಗು ಕಾಪ್ ಅರ್ಕೋನಾ. ೧೯೪೫ರ ಮೇ ೩ರಂದು, ಯುದ್ಧ ಮುಗಿಯಲು ಐದು ದಿನವಿರುವಾಗ, ಸೆರೆಶಿಬಿರಗಳ ಕೈದಿಗಳನ್ನು ತುಂಬಿಕೊಂಡಿದ್ದ ಆ ಹಡಗನ್ನು ಬ್ರಿಟಿಷ್ ವಿಮಾನಗಳು ಶತ್ರುವಿನದೆಂದು ಬಗೆದು ಸುಟ್ಟುವು. ಟೈಟಾನಿಕ್‌ನಲ್ಲಿ ಸತ್ತವರಿಗಿಂತ ಎಷ್ಟೋ ಹೆಚ್ಚು ಜನ ಅಲ್ಲಿ ಸತ್ತರು. ನಟನ ಸಾವು ಪಾತ್ರದ ಸಾವಿಗಿಂತ ದೊಡ್ಡದಾಯಿತು. ಆದರೂ ಲೋಕ ಕಣ್ಣೀರಿಟ್ಟದ್ದು ಪಾತ್ರಕ್ಕೆ.

೧೯೫೩ರಲ್ಲಿ ಹಾಲಿವುಡ್ಡಿನವರು ಒಮ್ಮೆ ತೆಗೆದರು. ೧೯೫೮ರಲ್ಲಿ ವಾಲ್ಟರ್ ಲಾರ್ಡನ ಪುಸ್ತಕವನ್ನು ಹಿಡಿದು ರಾಯ್ ವಾರ್ಡ್ ಬೇಕರ್ ಎಂಬ ಬ್ರಿಟಿಷ್ ನಿರ್ದೇಶಕ ತೆಗೆದ ‘ಎ ನೈಟ್ ಟು ರಿಮೆಂಬರ್’ ಎಂಬ ಕಪ್ಪು ಬಿಳುಪಿನ ಚಿತ್ರ ನನ್ನ ಮನಸ್ಸಿಗೆ ಇವುಗಳಲ್ಲಿ ಶ್ರೇಷ್ಠ. ಅದಕ್ಕೆ ಸಲಹೆಗಾರನಾಗಿದ್ದವನು ಆ ಹಡಗಿನ ನಾಲ್ಕನೆಯ ಅಧಿಕಾರಿಯಾಗಿದ್ದು ಬದುಕಿ ಬಂದ ಜೋಸೆಫ್ ಬಾಕ್ಸ್‌ಹಾಲ್. ಪ್ರೇಮದ ಕಥೆಯನ್ನು ಅದು ಹೊಸದಾಗಿ ಹೆಣೆಯಲಿಲ್ಲ. ನಡೆದದ್ದನ್ನೇ ನಡೆದಂತೆ ಹೇಳಿ ಸುಮ್ಮನಾಯಿತು. ಒಂದು ಮಾತ್ರ ಅದರಲ್ಲಿ ಬೇರೆಯಾಗಿದೆ: ಹಡಗು ಇಡಿಯಾಗಿ ಮುಳುಗುತ್ತದೆ. ೧೯೮೫ರ ಸೆಪ್ಟೆಂಬರಿನಲ್ಲಿ ರಾಬರ್ಟ್ ಬ್ಯಾಲರ್ಡ್ ಮತ್ತು ಜಾನ್ ಲೂಯಿ ಮಿಶೆಲರ ತಂಡ ಹನ್ನೆರಡು ಸಾವಿರದ ಐನೂರು ಅಡಿಗಳ ಆಳದಲ್ಲಿ ಅದರ ಅವಶೇಷವನ್ನು ಕಂಡುಹಿಡಿದಾಗಲೇ ಅದು ಎರಡು ತುಂಡಾಗಿ ಹೋಗಿತ್ತೆಂಬುದು ಖಚಿತವಾದದ್ದು.

ಜೇಮ್ಸ್ ಕ್ಯಾಮರೂನ್ ಎಂಬವನು ಆ ಆಳಕ್ಕೆ ತಾನೇ ಇಳಿದು ನೋಡಿ ಬಂದು, ಮೆಕ್ಸಿಕೋ ದೇಶದ ಕಡಲ ತೀರದಲ್ಲಿ ಹೆಚ್ಚುಕಡಿಮೆ ಅದೇ ಗಾತ್ರದ ಹಡಗನ್ನು ಕಟ್ಟಿಸಿ ಮುಳುಗಿಸಿದ. ಇಪ್ಪತ್ತು ಕೋಟಿ ಡಾಲರು ಖರ್ಚಾಯಿತು. ಹನ್ನೊಂದು ಆಸ್ಕರ್ ಪಾರಿತೋಷಕಗಳು ಬಂದುವು. ಗಳಿಕೆ ನೂರು ಕೋಟಿ ಡಾಲರನ್ನು ದಾಟಿದ ಮೊದಲ ಚಿತ್ರವೆನಿಸಿತು. ಕೇವಲ ಆಡಂಬರದಿಂದ ಗೆದ್ದಿತೆಂದು ಮೂಗು ಮುರಿಯುವವರಿದ್ದಾರೆ. ತುಮಕೂರು ಜಿಲ್ಲೆಯವರಾದ ನಾವು ಹಾಗೆ ಮೂಗು ಮುರಿಯುವುದು ತರವಲ್ಲ. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ವೀರಣ್ಣನವರ ಕೈಯಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದಾಗ ಜನ ಮುಗಿಬಿದ್ದದ್ದು ಬರಿಯ ಆನೆಯನ್ನು ನೋಡುವುದಕ್ಕಲ್ಲ. ಆನೆಯನ್ನು ಮಠದ ಮುಂದೆಯೂ ನೋಡಬಹುದಾಗಿತ್ತು. ಕಥೆಯಲ್ಲಿ ಕೇಳಿದ್ದು ಕಣ್ಣೆದುರಿಗೆ ಅದೇ ಗಾತ್ರದಲ್ಲಿ ನಿಂತಿತಲ್ಲ ಎಂಬ ಬೆರಗು ಅದು. ಮುಳುಗುವ ದೃಶ್ಯವನ್ನು ಒಂದು ಗಂಟೆಗೂ ಮಿಕ್ಕಿ ಎಳೆದ ಕ್ಯಾಮರೂನ್ ಆ ಬೆರಗನ್ನು ಬಲ್ಲವನು.

ಅವನು ಹೆಣೆದ ಪ್ರೇಮಕಥೆ ತೆಳುವಾದದ್ದು, ಅದರಲ್ಲಿಯ ಖಳ ಇನ್ನೂ ತೆಳು. ಆದರೆ ಎರಡು ಸಾವಿರ ಜನಕ್ಕೆ ಒಟ್ಟಾಗಿ ಅಳಲು ಯಾರಿಗೂ ಬಾರದು. ಶೋಕಕ್ಕೆ ಒಂದು ಮುಖ ಬೇಕು. ಇದನ್ನು ನಮ್ಮ ಲಾಕ್ಷಣಿಕರು ಆಲಂಬನವೆಂದರು. ಇತಿಹಾಸವನ್ನು ಹೀಗೆ ಮುಖ ಕೊಟ್ಟು ಹೇಳುವಾಗ ಅಪಾಯವೂ ಉಂಟು. ಹಡಗಿನ ಅಧಿಕಾರಿ ವಿಲಿಯಂ ಮರ್ಡಾಕ್ ಪ್ರಯಾಣಿಕರ ಮೇಲೆ ಗುಂಡು ಹಾರಿಸಿ ತನಗೂ ಹೊಡೆದುಕೊಂಡನೆಂದು ಚಿತ್ರ ತೋರಿಸುತ್ತದೆ. ಅವನ ವಿಷಯದಲ್ಲಿ ಇದಕ್ಕೆ ಸಿದ್ಧವಾದ ಪ್ರಮಾಣವಿಲ್ಲ. ಸ್ಕಾಟ್ಲೆಂಡಿನ ಡಾಲ್‌ಬೀಟಿ ಎಂಬ ಅವನ ಹುಟ್ಟೂರಿನವರು ಆಕ್ಷೇಪಿಸಿದ ಮೇಲೆ ೧೯೯೮ರಲ್ಲಿ ಚಿತ್ರಸಂಸ್ಥೆಯವರು ಅಲ್ಲಿಗೆ ಹೋಗಿ ಕ್ಷಮೆ ಕೇಳಿ, ಆ ಊರಿನ ಶಾಲೆಯಲ್ಲಿ ಅವನ ಹೆಸರಿನಲ್ಲಿದ್ದ ಬಹುಮಾನದ ನಿಧಿಗೆ ಐದು ಸಾವಿರ ಪೌಂಡು ಕೊಟ್ಟರು. ಚಿತ್ರದಲ್ಲಿ ಮಾತ್ರ ಅವನು ಈಗಲೂ ಗುಂಡು ಹಾರಿಸುತ್ತಲೇ ಇದ್ದಾನೆ. ಕಣ್ಣಿನಿಂದ ಒಳಹೊಕ್ಕ ಇತಿಹಾಸವನ್ನು ಕಾಗದದಿಂದ ತಿದ್ದುವುದು ಸುಲಭವಲ್ಲ. ಶಿರಾ, ಪಾವಗಡದವರಿಗೆ ಚಿತ್ರದುರ್ಗ ನೆರೆಯ ಸೀಮೆ. ಅಲ್ಲಿಯೂ ಓಬವ್ವ ಎಂದರೆ ಬಹುಜನದ ಕಣ್ಣಿಗೆ ಬರುವುದು ೧೯೭೨ರ ‘ನಾಗರಹಾವು’ ಚಿತ್ರದಲ್ಲಿ ಪುಟ್ಟಣ್ಣ ಕಣಗಾಲರು ಕೆಲವೇ ನಿಮಿಷ ತೋರಿಸಿದ ಜಯಂತಿಯವರ ಮುಖ.

ಇನ್ನು ನನ್ನ ತರಗತಿಯ ಮಾತು. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತವನ್ನು ಹಲವು ವರ್ಷಗಳಿಂದ ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬೀಳುವುದಿಲ್ಲ. ಸೊಸೆಯೊಬ್ಬಳನ್ನು ಬಲಿಗೊಡಬೇಕೆಂದು ಹೊತ್ತಿಗೆ ನೋಡಿದವನು ಹೇಳುತ್ತಾನೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನ ಹೋದೀತು, ಕಿರಿಯವಳು ಭಾಗೀರಥಿ. ಆಕೆಗೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ತವರಿಗೆ ಹೋಗಿ ಬರುತ್ತಾಳೆ. ತಂದೆತಾಯಿಗೆ ನಿಜ ಹೇಳಲಾರಳು. ಗೆಳತಿಗೆ ಮಾತ್ರ ಹೇಳುತ್ತಾಳೆ. ಮರಳಿ ಬಂದು, ಅಡಿಗೆ ಕೆಲಸ ಮುಗಿಸಿ, ಪೂಜೆಗೆ ಹೋಗಿ, ಮರೆತು ಬಂದ ಬಟ್ಟಲನ್ನು ತರಲು ಒಬ್ಬಳೇ ಹಿಂದಿರುಗುತ್ತಾಳೆ. ಒಂದೊಂದು ಮೆಟ್ಟಿಲು ಹತ್ತಿದಂತೆ ನೀರು ಅವಳ ಪಾದಕ್ಕೆ, ಮೊಣಕಾಲಿಗೆ, ನಡುವಿಗೆ, ಎದೆಗೆ ಏರುತ್ತದೆ.

ಈ ಮೆಟ್ಟಿಲಿನ ಭಾಗ ಬಂದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, ‘ಟೈಟಾನಿಕ್‌ನಲ್ಲೂ ಹೀಗೇ ಸಾರ್, ಮೆಟ್ಟಿಲ ಮೇಲೆ ನೀರು ಬರುತ್ತೆ’ ಎಂದ. ಹುಡುಗರು ನಕ್ಕರು. ನನಗೆ ನಗುವ ಮಾತೆನಿಸಲಿಲ್ಲ. ಆ ಚಿತ್ರದ ದೊಡ್ಡ ಮೆಟ್ಟಿಲುಸಾಲನ್ನು ನೀರು ನುಂಗುವುದನ್ನು ನೋಡಿದವರು ಅವನ ಮಾತನ್ನು ಒಪ್ಪಿಯಾರು. ಕೆರೆಗಳ ನಾಡಿನಲ್ಲಿ ಹುಟ್ಟಿದ ಹಾಡಿಗೂ ಸಾಗರದ ಮೇಲಿನ ಚಿತ್ರಕ್ಕೂ ಬಲ ಒಂದೇ ಕಡೆಯಿಂದ ಬಂದಿದೆ: ತಿಳಿಯುವುದಕ್ಕೂ ಮುಳುಗುವುದಕ್ಕೂ ನಡುವೆ ಇರುವ ಆ ಬಿಡುವು. ಹಠಾತ್ತಾಗಿ ಕೆರೆ ಒಡೆದು ಭಾಗೀರಥಿ ಕೊಚ್ಚಿಹೋಗಿದ್ದರೆ ಹಾಡು ಇರುತ್ತಿರಲಿಲ್ಲ. ಹೋದವಳು ತವರಿಗೆ ಹೋಗಿ ಬಂದಳಲ್ಲ, ಬಂದು ಅಡಿಗೆ ಮಾಡಿದಳಲ್ಲ, ಅದು ಕೇಳುವವರ ಎದೆ ಹಿಂಡುತ್ತದೆ. ವಾದ್ಯಗಾರರು ಬಾರಿಸುತ್ತಿದ್ದುದು ಹಿಂಡಿದಂತೆಯೇ.

ಯಾರನ್ನು ಕೊಟ್ಟರು ಎಂಬುದರಲ್ಲಿಯೂ ಹೋಲಿಕೆ ಉಂಟು. ಹಡಗಿನಲ್ಲಿದ್ದ ದೋಣಿಗಳು ಇಪ್ಪತ್ತು. ಅವು ಹಿಡಿಯುವುದು ೧,೧೭೮ ಜನರನ್ನು. ಹಡಗಿನಲ್ಲಿದ್ದವರು ಅದರ ಎರಡರಷ್ಟು ಎನ್ನಬಹುದು. ಯಾರೋ ಉಳಿಯಬೇಕು, ಯಾರೋ ಹೋಗಬೇಕು. ಬ್ರಿಟಿಷ್ ವಿಚಾರಣೆಯ ಲೆಕ್ಕ ಇದು: ಮೊದಲ ದರ್ಜೆಯ ೧೪೪ ಹೆಂಗಸರಲ್ಲಿ ೧೪೦ ಮಂದಿ ಉಳಿದರು, ಮೂರನೆಯ ದರ್ಜೆಯ ೧೬೫ ಹೆಂಗಸರಲ್ಲಿ ೭೬, ಅದೇ ದರ್ಜೆಯ ೭೯ ಮಕ್ಕಳಲ್ಲಿ ೨೭. ಭೇದವೆಣಿಸಲಿಲ್ಲವೆಂದು ಆ ವಿಚಾರಣೆಯೇ ತೀರ್ಮಾನಿಸಿತು. ಅಂಕಿಗಳು ಬೇರೆಯದನ್ನು ಹೇಳುತ್ತವೆ. ಮಲ್ಲನಗೌಡನ ಮನೆಯವರೂ ಭೇದವೆಣಿಸಿದೆವೆಂದು ಒಪ್ಪುತ್ತಿರಲಿಲ್ಲ. ಊರಿಗೆ ನೀರು ಬೇಕಾಗಿತ್ತು ಎನ್ನುತ್ತಿದ್ದರು. ಕ್ಯಾಮರೂನನ ಚಿತ್ರದ ನಾಯಕ ಮೂರನೆಯ ದರ್ಜೆಯವನಾದುದೂ ಕಬ್ಬಿಣದ ಗೇಟಿನ ಹಿಂದೆ ನಿಂತ ಜನರ ದೃಶ್ಯವೂ ಸುಮ್ಮನೆ ಬಂದುವಲ್ಲ. ಸರ್ಕಾರಿ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡುವ ನಮ್ಮ ಹುಡುಗರಿಗೆ ಇಂಗ್ಲಿಷ್ ಬಾರದಿದ್ದರೂ ಆ ಗೇಟು ಅರ್ಥವಾಗುತ್ತದೆ.

ಮುಕ್ತಾಯದಲ್ಲಿ ಮಾತ್ರ ಎರಡೂ ಬೇರೆಯಾಗುತ್ತವೆ. ಹಾಡಿನಲ್ಲಿ ದಂಡಿನಲ್ಲಿದ್ದ ಗಂಡ ಮಾದೇವರಾಯ ಸುದ್ದಿ ತಿಳಿದು ಬಂದು ಅದೇ ಕೆರೆಗೆ ಹಾರಿಕೊಳ್ಳುತ್ತಾನೆ. ಚಿತ್ರದಲ್ಲಿ ತಣ್ಣೀರಿನಲ್ಲಿ ಸಾಯುತ್ತಿರುವ ಹುಡುಗ, ನೀನು ಬದುಕಲೇಬೇಕೆಂದು ಹುಡುಗಿಯಿಂದ ಮಾತು ತೆಗೆದುಕೊಳ್ಳುತ್ತಾನೆ. ಅವಳು ನೂರು ವರ್ಷದ ಮುದುಕಿಯಾಗಿ ಕುಳಿತು ಕಥೆ ಹೇಳುತ್ತಾಳೆ. ಪಾಠ ಮುಗಿದ ಮೇಲೆ ನಾನು ಇದನ್ನು ಹೇಳಿದಾಗ ಮುಂದಿನ ಸಾಲಿನ ಒಬ್ಬ ಹುಡುಗಿ, ಭಾಗೀರಥಿಗೆ ಯಾರೂ ಬದುಕು ಎಂದು ಹೇಳುವುದಿಲ್ಲವೇ ಎಂದು ಕೇಳಿದಳು. ಪಠ್ಯವನ್ನು ತೆರೆದು ಅವಳೂ ನಾನೂ ಸಾಲುಸಾಲಾಗಿ ನೋಡಿದೆವು. ಅತ್ತೆ ಮಾವ ಹೇಳುವುದಿಲ್ಲ. ತಂದೆತಾಯಿಗೆ ಗೊತ್ತೇ ಇಲ್ಲ. ಗೊತ್ತಿದ್ದ ಗೆಳತಿ, ಕೊಟ್ಟರೆ ಕೊಡಲಿ ಎಂದುಬಿಡುತ್ತಾಳೆ.